ಎಂಡೋಸ್ಕೋಪಿಲಿ ಪಾಲಿಪ್ ಎತ್ತೋ ಜೆಲ್ ಮಾಡ್ತಿದ್ದೀರಾ? ಸೂಜಿ ತುದಿಯಿಂದ ಶುರು ಮಾಡಿ

ಪಾಲಿಪ್, ಅಂದ್ರೆ ಜೀರ್ಣನಾಳದ ಒಳಗೋಡೆ ಮೇಲೆ ಬೆಳೆಯೋ ಗಂಟು, ಅದನ್ನ ಕತ್ತರಿಸೋಕೆ ಮುಂಚೆ ಅದರ ಕೆಳಗೆ ಚುಚ್ಚಿ ಎತ್ತೋ ಜೆಲ್ ಮಾಡೋ ಕೆಲಸಕ್ಕೆ ಹೊಸದಾಗಿ ಬರೋರು ಹೆಚ್ಚುಕಮ್ಮಿ ಎಲ್ರೂ ಮೊದಲು ಕೇಳೋದು "ಯಾವ ಪಾಲಿಮರ್ ತಗೊಳ್ಳೋಣ" ಅಂತ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ, ತಿಂಗಳುಗಟ್ಟಲೆ ಅದರಲ್ಲೇ ಕಳೆದುಹೋಯ್ತು. ಈಗ ಯಾರಾದ್ರೂ ಕೇಳಿದ್ರೆ ಒಂದೇ ಮಾತು ಹೇಳ್ತೀನಿ, ಪೌಡರ್ ಡಬ್ಬಿ ಮುಟ್ಟೋಕೆ ಮುಂಚೆ ಒಂದು ಎಂಡೋಸ್ಕೋಪಿ ಇಂಜೆಕ್ಷನ್ ಕ್ಯಾಥೆಟರ್ ತರಿಸಿ, 10 ಎಂಎಲ್ ಸಿರಿಂಜಿಗೆ ಬರೀ ನೀರು ತುಂಬಿ, ಹೆಬ್ಬೆರಳಲ್ಲಿ ಒತ್ತಿ ನೋಡಿ. ಎರಡು ಮೀಟರ್ ದಾಟೋ ಸಣ್ಣ ಪೈಪು, ಅದರ ಕೊನೇಲಿ 23 ಅಥವಾ 25 ಗೇಜ್ ಸೂಜಿ. ನೀರಿಗೇ ಬೆರಳು ಸ್ವಲ್ಪ ಬಿಗಿ ಹಿಡಿಯತ್ತೆ. ಆಮೇಲೆ ನಿಮ್ಮ ತಲೇಲಿ ಇರೋ ಆ ದಪ್ಪ ಜೆಲ್ಲನ್ನ ಅದರೊಳಗೆ ಕಳಿಸೋದನ್ನ ಊಹಿಸ್ಕೊಳ್ಳಿ. ಅರ್ಧ ಐಡಿಯಾಗಳು ಅಲ್ಲೇ ಬಿದ್ದು ಹೋಗ್ತವೆ, ಅದು ಒಳ್ಳೇದೇ.

ಯಾಕೆ ಇದೆಲ್ಲ ಬೇಕು ಅಂತ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಜೀರ್ಣನಾಳದ ಗೋಡೆ ಒಂದೇ ಪದರ ಅಲ್ಲ. ಒಳಗಡೆ ಲೋಳೆಪದರ ಅಂದ್ರೆ ಮ್ಯೂಕೋಸ, ಅದರ ಕೆಳಗೆ ಸಡಿಲವಾದ ಸಬ್‌ಮ್ಯೂಕೋಸ, ಅದರ ಕೆಳಗೆ ಸ್ನಾಯುಪದರ. ಪಾಲಿಪ್ ಆಗ್ಲಿ, ಶುರುವಿನ ಹಂತದ ಕ್ಯಾನ್ಸರ್ ಆಗ್ಲಿ, ಮೇಲಿನ ಪದರದಲ್ಲಿ ಕೂತಿರತ್ತೆ. ಅದನ್ನ ಸ್ನೇರ್, ಅಂದ್ರೆ ಕರೆಂಟ್ ಹರಿಯೋ ತಂತಿ ಕುಣಿಕೆ, ಹಾಕಿ ಕತ್ತರಿಸೋವಾಗ, ಅಥವಾ ಕರೆಂಟ್ ಚಾಕು ಇಟ್ಟು ಬಿಡಿಸೋವಾಗ, ಕರೆಂಟಿನ ಬಿಸಿ ಸ್ನಾಯುಪದರಕ್ಕೆ ಹೋದ್ರೆ ಗೋಡೆ ತೂತಾಗತ್ತೆ, ಪೂರ್ತಿ ಗೋಡೆಯ ದಪ್ಪವೇ ಕೆಲವೇ ಮಿಲಿಮೀಟರ್. ಅದಕ್ಕೆ ಸಬ್‌ಮ್ಯೂಕೋಸಕ್ಕೆ ಏನಾದ್ರೂ ದ್ರವ ಚುಚ್ಚಿ ಮೇಲಿನ ಪದರವನ್ನ ದಿಂಬಿನ ಹಾಗೆ ಎತ್ತಿ ನಿಲ್ಲಿಸ್ತಾರೆ. ಈ ಉಪಾಯ ಹಳೇದು, 1955ರಲ್ಲೇ ರೋಸೆನ್‌ಬರ್ಗ್ ಅನ್ನೋರು ಗುದನಾಳದ ಪಾಲಿಪ್ ಸುಡೋಕೆ ಮುಂಚೆ ಸಲೈನ್ ಚುಚ್ಚಿ ಎತ್ತೋದನ್ನ ಬರೆದಿದ್ರು, 1973ರಲ್ಲಿ ಡೈಲೆ ಮತ್ತವರ ಜೊತೆಗಾರರು ಬಾಗೋ ಸ್ಕೋಪಲ್ಲಿ ಅದನ್ನ ತೋರಿಸಿದ್ರು. ಸ್ನೇರ್ ಹಾಕಿ ತೆಗೆಯೋದಕ್ಕೆ ಇಎಂಆರ್ ಅಂತಾರೆ, ಚಾಕುವಿಂದ ಸಬ್‌ಮ್ಯೂಕೋಸದಲ್ಲಿ ಬಿಡಿಸ್ಕೊಂಡು ಇಡೀ ಗಡ್ಡೆಯನ್ನ ಒಂದೇ ತುಂಡಲ್ಲಿ ತೆಗೆಯೋದಕ್ಕೆ ಇಎಸ್‌ಡಿ.

ಸಲೈನಿನ ತೊಂದರೆ ಎಲ್ರಿಗೂ ಗೊತ್ತಿರೋದೇ, ಕೆಲವೇ ನಿಮಿಷದಲ್ಲಿ ಹೀರ್ಕೊಂಡು ಉಬ್ಬು ಇಳಿದುಬಿಡತ್ತೆ, ಇಎಸ್‌ಡಿ ಅಂಥ ಗಂಟೆಗಟ್ಟಲೆ ನಡೆಯೋ ಕೆಲಸದಲ್ಲಿ ಮತ್ತೆ ಮತ್ತೆ ಚುಚ್ಚಬೇಕು. ಹಾಗಾಗಿ ಗ್ಲಿಸರಾಲ್, ಹೈಡ್ರಾಕ್ಸಿಈಥೈಲ್ ಸ್ಟಾರ್ಚ್, ಸಕ್ಸಿನೈಲೇಟೆಡ್ ಜಿಲೆಟಿನ್, ಜಪಾನಲ್ಲಿ 0.4% ಸೋಡಿಯಂ ಹ್ಯಾಲುರೋನೇಟ್, ಆಮೇಲೆ 0.6% ಸೋಡಿಯಂ ಆಲ್ಜಿನೇಟ್, ಹೀಗೆ ಒಂದೊಂದಾಗಿ ಬಂದ್ವು. ಯೂರೋಪಿನ ಎಂಡೋಸ್ಕೋಪಿ ಸೊಸೈಟಿಯ 2017ರ ಮಾರ್ಗಸೂಚಿಯಲ್ಲೂ ಸಲೈನಿಗಿಂತ ಗಟ್ಟಿಯಾದ, ಸುರಕ್ಷಿತ ಅಂತ ಗೊತ್ತಿರೋ ದ್ರಾವಣಗಳನ್ನ ಬಳಸಿ ಅಂತ ಇದೆ. ನೀವು ಹೊಸ ಜೆಲ್ ಮಾಡ್ತೀರಿ ಅಂದ್ರೆ ಇವುಗಳ ಜೊತೆ ಪೈಪೋಟಿ, ಸಲೈನ್ ಜೊತೆ ಅಲ್ಲ. ಸಲೈನನ್ನ ಯಾರು ಬೇಕಾದ್ರೂ ಸೋಲಿಸ್ತಾರೆ.

ಈಗ ಸೂಜಿಗೆ ಬರೋಣ, ಇಲ್ಲಿ ಸ್ವಲ್ಪ ಲೆಕ್ಕ ಇದೆ, ದಯವಿಟ್ಟು ಬಿಟ್ಟು ಮುಂದೆ ಹೋಗ್ಬೇಡಿ.

ಪೈಪಿನಲ್ಲಿ ದ್ರವ ತಳ್ಳೋಕೆ ಬೇಕಾಗೋ ಒತ್ತಡ ಉದ್ದಕ್ಕೆ ತಕ್ಕಂತೆ ನೇರವಾಗಿ ಏರತ್ತೆ, ಆದ್ರೆ ವ್ಯಾಸ ಅರ್ಧ ಆದ್ರೆ ಒತ್ತಡ 16 ಪಟ್ಟು ಏರತ್ತೆ. ಒಳವ್ಯಾಸ 1 ಮಿಮೀ, ಉದ್ದ 2.3 ಮೀಟರ್ ಇರೋ ಕ್ಯಾಥೆಟರ್ ತಗೊಳ್ಳಿ, 5 ಸೆಕೆಂಡಿಗೆ 1 ಎಂಎಲ್ ಕಳಿಸ್ಬೇಕು ಅಂದ್ಕೊಳ್ಳಿ. ನೀರಿಗೆ ಪೈಪಲ್ಲೇ ಸುಮಾರು 19 ಕಿಲೋಪ್ಯಾಸ್ಕಲ್ ಬೇಕು. ಕೊನೇಲಿರೋ 25 ಗೇಜ್ ಸೂಜಿ ಬರೀ 5 ಮಿಮೀ ಉದ್ದ, ಅದಕ್ಕೇ ಇನ್ನೊಂದು 9 ಕಿಲೋಪ್ಯಾಸ್ಕಲ್. ನೋಡಿ, ಎರಡು ಮೀಟರ್ ಮೇಲಿರೋ ಪೈಪಿನ ಅರ್ಧದಷ್ಟು ಒತ್ತಡವನ್ನ ಒಂದು ಉಗುರಿನ ಉದ್ದವೂ ಇಲ್ಲದ ಸೂಜಿ ತಿಂದುಬಿಡತ್ತೆ. 10 ಎಂಎಲ್ ಸಿರಿಂಜಿನ ಒಳವ್ಯಾಸ 14.5 ಮಿಮೀ ಅಂತ ಹಿಡಿದ್ರೆ ಬೆರಳಿಗೆ ಬೀಳೋದು 5 ನ್ಯೂಟನ್ನಿಗಿಂತ ಸ್ವಲ್ಪ ಕಮ್ಮಿ, ಪಿಸ್ಟನ್ನಿನ ತಿಕ್ಕಾಟ ಬೇರೆ. ಈಗ ನಿಮ್ಮ ದ್ರಾವಣ ನೀರಿಗಿಂತ 20 ಪಟ್ಟು ಗಟ್ಟಿ ಅಂದ್ಕೊಳ್ಳಿ, ತಳ್ಳಿದಾಗ ತೆಳುವಾಗೋದೂ ಇಲ್ಲ ಅಂದ್ಕೊಳ್ಳಿ, ಅದೇ ಸಿರಿಂಜಲ್ಲಿ 90 ನ್ಯೂಟನ್ ಬೇಕು. ಕೈಯಲ್ಲಿ ಆಗೋ ಮಾತಲ್ಲ. 12 ಮಿಮೀ ಒಳವ್ಯಾಸದ 5 ಎಂಎಲ್ ಸಿರಿಂಜಿಗೆ ಬದಲಾಯಿಸಿದ್ರೆ 60ರ ಆಸುಪಾಸಿಗೆ ಇಳಿಯತ್ತೆ, ಅದೂ ಜಾಸ್ತಿನೇ. ನಾನು 30 ನ್ಯೂಟನ್ ಒಳಗೆ ಇರ್ಬೇಕು ಅಂತ ನನಗೆ ನಾನೇ ಗೆರೆ ಹಾಕ್ಕೊಂಡಿದ್ದೀನಿ, ಯಾಕಂದ್ರೆ ಅದನ್ನ ಒತ್ತೋರು ಸ್ಕೋಪ್ ಹಿಡಿದ ಡಾಕ್ಟರ್ ಅಲ್ಲ, ಪಕ್ಕದಲ್ಲಿ ನಿಂತ ಅಸಿಸ್ಟೆಂಟ್, ಅವರು ದಿನಕ್ಕೆ ಹತ್ತಾರು ಸಲ ಒತ್ತಬೇಕು, ನಿಧಾನಕ್ಕೆ ಒತ್ತಿ ಅಂದಾಗ ನಿಧಾನಕ್ಕೆ, ನಿಲ್ಲಿಸಿ ಅಂದಾಗ ತಕ್ಷಣ ನಿಲ್ಲಿಸಬೇಕು. ಬಲ ಹಾಕಿ ಒತ್ತೋ ಕೈಗೆ ಆ ಹಿಡಿತ ಇರಲ್ಲ.

ಇನ್ನೊಂದು ವಿಷಯ, ಆ ಪೈಪಿನೊಳಗೇ 1.8 ಎಂಎಲ್ ಜೆಲ್ ಉಳ್ಕೊಳ್ಳತ್ತೆ. ಚುಚ್ಚೋಕೆ ಮುಂಚೆ ಅಷ್ಟು ತುಂಬಿಸ್ಲೇಬೇಕು, ಮುಗಿದ ಮೇಲೆ ಅಷ್ಟು ವ್ಯರ್ಥ. ಪ್ಯಾಕ್ ಎಷ್ಟು ಎಂಎಲ್ ಇರ್ಬೇಕು ಅಂತ ನಿರ್ಧರಿಸೋವಾಗ ಇದನ್ನ ಮರೆತು ಆಮೇಲೆ ಒದ್ದಾಡೋರನ್ನ ನೋಡಿದ್ದೀನಿ.

ಇದಕ್ಕೆ ದಾರಿ ಅಂದ್ರೆ ತಳ್ಳಿದಾಗ ತೆಳುವಾಗಿ, ಬಿಟ್ಟಾಗ ಮತ್ತೆ ಗಟ್ಟಿಯಾಗೋ ಜೆಲ್, ಅಂದ್ರೆ ಶಿಯರ್ ಥಿನ್ನಿಂಗ್. ಇಲ್ಲಿ ಜನ ಮಾಡೋ ತಪ್ಪು ಏನಂದ್ರೆ ರಿಯೋಮೀಟರಲ್ಲಿ, ಅಂದ್ರೆ ದ್ರವ ಎಷ್ಟು ಗಟ್ಟಿ ಅಂತ ಅಳೆಯೋ ಮಷೀನಲ್ಲಿ, ಶಿಯರ್ ರೇಟ್ (ದ್ರವದ ಪದರಗಳು ಒಂದರ ಮೇಲೊಂದು ಜಾರೋ ವೇಗ) ಸೆಕೆಂಡಿಗೆ 100ರ ವರೆಗೆ ಅಳೆದು "ಆಹಾ ತೆಳುವಾಗ್ತಿದೆ" ಅಂತ ಖುಷಿ ಪಡೋದು. ಮೇಲೆ ಹೇಳಿದ ವೇಗದಲ್ಲಿ ಪೈಪಿನ ಗೋಡೆ ಹತ್ತಿರ ಶಿಯರ್ ರೇಟ್ ಸೆಕೆಂಡಿಗೆ ಸುಮಾರು 2000, ಸೂಜಿಯೊಳಗೆ 1 ಲಕ್ಷ ದಾಟತ್ತೆ. ಅಲ್ಲಿ ಏನಾಗತ್ತೆ ಅನ್ನೋದೇ ಲೆಕ್ಕಕ್ಕೆ ಬರೋದು. ಉದಾಹರಣೆಗೆ ಶಿಯರ್ ರೇಟ್ 1 ಇದ್ದಾಗ 5 ಪ್ಯಾಸ್ಕಲ್ ಸೆಕೆಂಡ್, ಅಂದ್ರೆ ನೀರಿನ 5000 ಪಟ್ಟು ಗಟ್ಟಿ ಇರೋ ಜೆಲ್, ಪವರ್ ಲಾ ಘಾತ (ತಳ್ಳಿದಾಗ ಎಷ್ಟು ತೆಳುವಾಗತ್ತೆ ಅನ್ನೋ ಸಂಖ್ಯೆ, 1 ಅಂದ್ರೆ ತೆಳುವಾಗಲ್ಲ) 0.2 ಇದ್ರೆ 2000 ಶಿಯರ್ ರೇಟಲ್ಲಿ ನೀರಿನ ಸುಮಾರು 11 ಪಟ್ಟಿಗೆ ಇಳಿಯತ್ತೆ. ಸೂಜಿಯಲ್ಲಿ ಇನ್ನೂ ಇಳಿಯತ್ತೆ, ಆದ್ರೆ ಸಮೀಕರಣ ಹೇಳೋಷ್ಟು ಅಲ್ಲ, ಅದನ್ನ ಕಣ್ಣುಮುಚ್ಚಿ ಹಾಕಿದ್ರೆ ನೀರಿಗಿಂತ ತೆಳು ಅಂತ ಉತ್ತರ ಬರತ್ತೆ, ನೀರಲ್ಲೇ ಮಾಡಿದ ಜೆಲ್ ನೀರಿಗಿಂತ ತೆಳು ಆಗಲ್ಲವಲ್ಲ. ಆ ರೇಂಜಿಗೆ ಕ್ಯಾಪಿಲರಿ ರಿಯೋಮೀಟರ್ ಸಿಕ್ಕಿದ್ರೆ ಒಳ್ಳೇದು, ಇಲ್ಲದಿದ್ರೆ ನಿಜವಾದ ಕ್ಯಾಥೆಟರನ್ನೇ ಸಿರಿಂಜ್ ಸಮೇತ ಕಂಪ್ರೆಷನ್ ಮಷೀನಿಗೆ ಕಟ್ಟಿ, ಒಂದೇ ವೇಗದಲ್ಲಿ ತಳ್ಳಿ, ಬಲದ ಗ್ರಾಫ್ ತಗೊಳ್ಳಿ. ಶುರುವಿನ ಎತ್ತರದ ಮೊನೆ ಒಂದು, ಆಮೇಲೆ ಸಮವಾಗಿ ಹೋಗೋ ಭಾಗ ಒಂದು, ಎರಡನ್ನೂ ಬರೆದಿಡಿ. ಕ್ಯಾಥೆಟರನ್ನ ನೆಟ್ಟಗೆ ಇಟ್ಟು ಅಳೀಬೇಡಿ, ಸ್ಕೋಪ್ ದೊಡ್ಡ ಕರುಳಲ್ಲಿ ಹೇಗೆ ಸುತ್ತಿಕೊಂಡಿರತ್ತೋ ಹಾಗೆ ಒಂದೆರಡು ಸುತ್ತು ಹಾಕಿ 37 ಡಿಗ್ರಿ ನೀರಲ್ಲಿ ಮುಳುಗಿಸಿ ಅಳೀರಿ.

ಆ 37 ಡಿಗ್ರಿ ನೀರಿನ ಪಾಠ ನಾನು ಕಷ್ಟಪಟ್ಟು ಕಲಿತದ್ದು. ಪೊಲಾಕ್ಸಮರ್ 407 ಅಂತ ಒಂದಿದೆ, ತಣ್ಣಗಿದ್ದಾಗ ನೀರು, ಬೆಚ್ಚಗಾದ್ರೆ ಜೆಲ್, ನೋಡೋಕೆ ತುಂಬಾ ಚೆನ್ನಾಗಿದೆ. ಬೆಂಚ್ ಮೇಲೆ ಫ್ರಿಜ್ಜಿಂದ ತೆಗೆದು ಮಾಂಸದ ತುಂಡಿಗೆ ಚುಚ್ಚಿದ್ರೆ ಗುಮ್ಮಟದ ಥರ ನಿಲ್ಲತ್ತೆ. ನಾನು ಫೋಟೋ ತೆಗೆದು ಎಲ್ರಿಗೂ ಕಳಿಸಿದ್ದೆ. ಮಾರನೇ ದಿನ ಕ್ಯಾಥೆಟರನ್ನ ಬೆಚ್ಚಗಿನ ನೀರಲ್ಲಿ ಇಟ್ಟು ಮೊದಲನೇ ಸಲ ಚುಚ್ಚಿದ್ದು ಸರಿಯಾಗಿ ಹೋಯ್ತು, ಎರಡು ನಿಮಿಷ ಬಿಟ್ಟು ಎರಡನೇ ಸಲ ಒತ್ತಿದ್ರೆ ಪಿಸ್ಟನ್ ಅಲ್ಲಾಡಲಿಲ್ಲ, ಇನ್ನೂ ಒತ್ತಿದೆ, ಸಿರಿಂಜ್ ಕ್ಯಾಥೆಟರ್ ಸೇರೋ ಜಾಗದಿಂದ ಕಿತ್ಕೊಂಡು ಜೆಲ್ ಎಲ್ಲಾ ನನ್ನ ಕೋಟಿನ ಮೇಲೆ. ಪೈಪೇ ದೇಹದೊಳಗೆ ಬೆಚ್ಚಗೆ ಕೂತಿರತ್ತೆ ಅನ್ನೋದನ್ನ ನಾನು ಯೋಚನೆನೇ ಮಾಡಿರಲಿಲ್ಲ. ತಾಪಮಾನಕ್ಕೆ ಗಟ್ಟಿಯಾಗೋ ಜೆಲ್ ಮಾಡ್ಬಾರ್ದು ಅಂತಲ್ಲ, ಆದ್ರೆ ಪೈಪಲ್ಲಿ ಹತ್ತು ನಿಮಿಷ ನಿಂತ ಮೇಲೂ ತಳ್ಳೋಕೆ ಆಗತ್ತಾ ಅಂತ ಮೊದಲ ವಾರವೇ ನೋಡಿ.

ಗಟ್ಟಿಯಾಗೋ ಬೇರೆ ದಾರಿಗಳಿಗೂ ಇದೇ ಪ್ರಶ್ನೆ ಕೇಳಿ, "ಎಲ್ಲಿ ಗಟ್ಟಿ ಆಗತ್ತೆ, ಪೈಪಲ್ಲೋ ಅಂಗಾಂಶದಲ್ಲೋ" ಅಂತ. ಆಲ್ಜಿನೇಟಿಗೆ ಕ್ಯಾಲ್ಸಿಯಂ ಸೇರಿಸಿದ್ರೆ ತಕ್ಷಣ ಗಟ್ಟಿ, ಒಂದೇ ಸೂಜಿಯಿಂದ ಒಂದಾದ ಮೇಲೊಂದು ಕಳಿಸಿದ್ರೆ ತುದಿಯಲ್ಲೇ ಕಟ್ಕೊಳ್ಳತ್ತೆ, ಎರಡು ದಾರಿಯ ಕ್ಯಾಥೆಟರ್ ಬೇಕಾಗತ್ತೆ, ಅದು ಇನ್ನೊಂದು ಡಿವೈಸ್, ಇನ್ನೊಂದು ತಲೆನೋವು. ಬೆಳಕು ಹಾಯಿಸಿ ಗಟ್ಟಿ ಮಾಡೋ ಕೈಟೋಸಾನ್ ಥರದ್ದಕ್ಕೆ ಸ್ಕೋಪೊಳಗೆ ಬೆಳಕಿನ ಫೈಬರ್ ಬೇಕು. ಕೆಲವು ಪೆಪ್ಟೈಡುಗಳು ಆಮ್ಲೀಯ ದ್ರಾವಣದಲ್ಲಿ ನೀರಿನಂಗೆ ಇದ್ದು, ಅಂಗಾಂಶದ ಉಪ್ಪು ಪಿಎಚ್ ತಗುಲಿದ ಮೇಲೆ ತಾವೇ ಹೆಣೆದುಕೊಂಡು ಜೆಲ್ ಆಗ್ತವೆ, ಇದು ನನಗೆ ತುಂಬಾ ಹಿಡಿಸಿದ ದಾರಿ, ಯಾಕಂದ್ರೆ ಪೈಪಲ್ಲಿ ಆ ಉಪ್ಪೇ ಇಲ್ಲ. ಖರ್ಚು ಜಾಸ್ತಿ ಅಷ್ಟೆ. ಇನ್ನೊಂದು, ಲ್ಯಾಪೊನೈಟ್ ಅನ್ನೋ ಸಿಂಥೆಟಿಕ್ ಜೇಡಿಯ ನ್ಯಾನೋ ಬಿಲ್ಲೆಗಳನ್ನ ಆಲ್ಜಿನೇಟ್ ಜೊತೆ ಸೇರಿಸಿ ಮಾಡೋ ಶಿಯರ್ ಥಿನ್ನಿಂಗ್ ಜೆಲ್, ಎಂಐಟಿ ಕಡೆಯ ಗುಂಪು 2019ರಲ್ಲಿ ಇದೇ ಉಪಯೋಗಕ್ಕೆ ಹಂದಿಗಳಲ್ಲಿ ತೋರಿಸಿತ್ತು. ಹೊಸಬರಿಗೆ ಕೈ ಪಳಗಿಸೋಕೆ ನಾನು ಇದನ್ನೇ ಹೇಳೋದು, ಸಾಮಗ್ರಿ ಸುಲಭಕ್ಕೆ ಸಿಗತ್ತೆ, ತಪ್ಪು ಮಾಡಿದ್ರೆ ಕಣ್ಣಿಗೆ ಕಾಣತ್ತೆ.

ಮಾಡೋ ಕ್ರಮ ಮುಖ್ಯ. ಲ್ಯಾಪೊನೈಟನ್ನ ಮೊದಲು ಶುದ್ಧ ಡಿಅಯನೈಸ್ಡ್ ನೀರಿಗೆ ಹಾಕ್ಬೇಕು. ಸಲೈನಿಗೆ ನೇರ ಹಾಕಿದ್ರೆ ಬಿಲ್ಲೆಗಳು ಬಿಡಿಸಿಕೊಳ್ಳೋಕೆ ಮುಂಚೆನೇ ಉಪ್ಪು ಅವನ್ನ ಒಂದಕ್ಕೊಂದು ಅಂಟಿಸಿಬಿಡತ್ತೆ, ಬಿಳಿ ಬಿಳಿಯಾಗಿ ಚೂರು ಚೂರಾಗಿ ನಿಲ್ಲತ್ತೆ, ಆಮೇಲೆ ಎಷ್ಟು ಕಲಕಿದ್ರೂ ಸರಿಹೋಗಲ್ಲ. ನೀರನ್ನ ಜೋರಾಗಿ ಸುತ್ತಿಸಿ, ಆ ಸುಳಿಯ ಅಂಚಿಗೆ ಪೌಡರನ್ನ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಮೊದಲು ಮಬ್ಬಾಗಿರತ್ತೆ, ಹತ್ತಿಪ್ಪತ್ತು ನಿಮಿಷದಲ್ಲಿ ಗಾಜಿನಂಗೆ ತಿಳಿಯಾಗತ್ತೆ, ಆ ತಿಳಿಯಾಗೋ ಕ್ಷಣಾನ ಕಾಯ್ರಿ, ಅದು ಆಗದೆ ಮುಂದೆ ಹೋಗ್ಬೇಡಿ. ಆಲ್ಜಿನೇಟನ್ನ ಬೇರೆ ಬೀಕರಲ್ಲಿ ಕರಗಿಸಿ, ಒಂದೇ ಸಲ ಸುರಿದ್ರೆ ಹೊರಗೆ ಒದ್ದೆ ಒಳಗೆ ಒಣ ಪುಡಿ ಇರೋ ಗಂಟುಗಳಾಗ್ತವೆ, ಅವು ಮೂರು ದಿನ ಆದ್ರೂ ಕರಗಲ್ಲ, ಸೂಜಿಗೆ ಹೋಗಿ ಕೂರೋದು ಅವೇ. ರಾತ್ರಿಯಿಡೀ ನಿಧಾನಕ್ಕೆ ಕಲಕೋಕೆ ಬಿಡಿ. ಆಮೇಲೆ ಎರಡನ್ನೂ ಸೇರಿಸಿ. ದೇಹದ್ರವಕ್ಕೆ ಸಮ ಆಗೋಕೆ ಆಸ್ಮೊಲಾಲಿಟಿ, ಅಂದ್ರೆ ಕರಗಿರೋ ಕಣಗಳ ಸಾಂದ್ರತೆ, ಕೆಜಿಗೆ 290 ಮಿಲಿಆಸ್ಮೋಲ್ ಹತ್ತಿರ ತರ್ಬೇಕಲ್ಲ, ಅದಕ್ಕೆ ಉಪ್ಪಿನ ಬದಲು ಮ್ಯಾನಿಟಾಲ್ ಅಥವಾ ಗ್ಲಿಸರಾಲ್ ಬಳಸಿ, ಜೇಡಿ ಬಿಲ್ಲೆಗಳಿಗೆ ಅದರಿಂದ ತೊಂದರೆ ಇಲ್ಲ. ಕೊನೇಲಿ ಸೆಂಟ್ರಿಫ್ಯೂಜ್ ಹಾಕಿ ಗುಳ್ಳೆ ತೆಗೀರಿ. ಗುಳ್ಳೆ ಬರೀ ನೋಡೋಕೆ ಅಸಹ್ಯ ಅಂತಲ್ಲ, ಸಿರಿಂಜಲ್ಲಿ ಗಾಳಿ ಇದ್ರೆ ಅದು ಸ್ಪ್ರಿಂಗ್ ಥರ ಕೆಲಸ ಮಾಡತ್ತೆ, ಬೆರಳು ತೆಗೆದ ಮೇಲೂ ಸೂಜಿಯಿಂದ ಜೆಲ್ ಬರ್ತಾನೇ ಇರತ್ತೆ.

ಬಣ್ಣದ ಬಗ್ಗೆ. ಚಾಕು ಹಿಡಿದೋರಿಗೆ ಸಬ್‌ಮ್ಯೂಕೋಸ ನೀಲಿ ಕಾಣ್ಬೇಕು, ಸ್ನಾಯು ಬೆಳ್ಳಗೆ ಕಾಣ್ಬೇಕು, ಅದೇ ಅವರ ದಾರಿ ತೋರ್ಸೋದು. ಇಂಡಿಗೊ ಕಾರ್ಮೈನ್ ಮತ್ತು ಮೆಥಿಲೀನ್ ಬ್ಲೂ ಎರಡೂ ಬಳಕೆಯಲ್ಲಿವೆ. ನಿಮ್ಮ ಜೆಲ್ಲಲ್ಲಿ ಜೇಡಿ ಅಥವಾ ಆಲ್ಜಿನೇಟ್ ಇದ್ರೆ ನೋಡ್ಕೊಂಡು ಹಾಕಿ, ಅವು ಋಣ ಚಾರ್ಜಿನವು, ಮೆಥಿಲೀನ್ ಬ್ಲೂ ಧನ ಚಾರ್ಜಿನದು, ಹೋಗಿ ಅಂಟ್ಕೊಂಡು ಬಣ್ಣವೂ ಬದಲಾಗತ್ತೆ, ಜೆಲ್ಲಿನ ಗುಣವೂ ಬದಲಾಗತ್ತೆ. ಇಂಡಿಗೊ ಕಾರ್ಮೈನ್ ಹಾಗೆ ಅಂಟಲ್ಲ. ತೀರಾ ಗಾಢ ಮಾಡ್ಬೇಡಿ, ರಕ್ತನಾಳ ಮುಚ್ಚಿಹೋಗತ್ತೆ, ಅದನ್ನ ಕಾಣದೆ ಕತ್ತರಿಸಿದ್ರೆ ರಕ್ತಸ್ರಾವ.

ರಿಯೋಮೀಟರಲ್ಲಿ ಇನ್ನೊಂದು ಪರೀಕ್ಷೆ ಮಾಡ್ಲೇಬೇಕು, ಚೇತರಿಕೆ. 1% ಸ್ಟ್ರೇನ್ (ಜೆಲ್ಲನ್ನ ಎಷ್ಟು ತಿರುಚಿ ಎಳೆದ್ರಿ ಅನ್ನೋ ಅಳತೆ) ಕೊಟ್ಟು ಜೆಲ್ಲಿನ ಗಟ್ಟಿತನ ನೋಡಿ, ಆಮೇಲೆ 500% ಕೊಟ್ಟು ಮುರೀರಿ, ಮತ್ತೆ 1%ಗೆ ಬಂದು ಎಷ್ಟು ಸೆಕೆಂಡಲ್ಲಿ ಎಷ್ಟು ವಾಪಸ್ ಬರತ್ತೆ ನೋಡಿ, ಮೂರು ನಾಲ್ಕು ಸುತ್ತು, 37 ಡಿಗ್ರಿಲಿ. ನಿಮಿಷಗಟ್ಟಲೆ ತಗೊಂಡ್ರೆ ಸೂಜಿ ಹೊರಗೆ ತೆಗೆದ ಕೂಡಲೇ ಆ ತೂತಿಂದಲೇ ಹೊರಗೆ ಹರಿದು ಬರತ್ತೆ. ಹಾಗಂತ ತುಂಬಾ ಗಟ್ಟಿ ಆದ್ರೂ ಕಷ್ಟ. ಕಲ್ಲಿನಂಥ ಉಬ್ಬಿನ ಮೇಲೆ ಸ್ನೇರ್ ಜಾರತ್ತೆ, ಇಎಸ್‌ಡಿಲಿ ಚಾಕುವಿನ ಮುಂದೆ ಪದರ ತೆರ್ಕೊಳ್ಳಲ್ಲ, ಸ್ಕೋಪಿನ ತುದಿ ಆ ಜಾಗಕ್ಕೆ ನುಗ್ಗೋಕೆ ಆಗಲ್ಲ. ಮೆತ್ತಗಿರ್ಬೇಕು, ಆದ್ರೆ ಓಡಿಹೋಗ್ಬಾರ್ದು. ನಂಬರ್ ಹೇಳಿ ಅಂತ ಕೇಳ್ತಾರೆ, ನಾನು ಹೇಳೋದು, ನೀವು ಸೋಲಿಸ್ಬೇಕು ಅಂತಿರೋ ಹ್ಯಾಲುರೋನೇಟನ್ನ ಅದೇ ದಿನ ಅದೇ ಮಷೀನಲ್ಲಿ ಅಳೆದು ಪಕ್ಕದಲ್ಲಿ ಇಟ್ಕೊಳ್ಳಿ.

ಈಗ ಮಾಂಸದ ತುಂಡಿನ ಪರೀಕ್ಷೆ. ತಾಜಾ ಹಂದಿ ಜಠರ, ಆದ್ರೆ ದೊಡ್ಡ ಕರುಳೂ ತಗೊಳ್ಳಿ, ಎರಡರ ದಪ್ಪ ಬೇರೆ. ಫ್ರೀಜ್ ಮಾಡಿದ್ದು ಬೇಡ, ಐಸ್ ಕಟ್ಟಿದಾಗ ಅಂಗಾಂಶ ಹರಿದು ಜೆಲ್ ಬೇರೆ ಥರ ಹರಡತ್ತೆ. 5 ಸೆಂಮೀ ಚೌಕದ ತುಂಡನ್ನ ಲೋಳೆಪದರ ಮೇಲೆ ಬರೋ ಹಾಗೆ ಬೋರ್ಡಿಗೆ ಪಿನ್ ಮಾಡಿ, 2 ಎಂಎಲ್ ಚುಚ್ಚಿ, 0, 5, 10, 15, 30, 60 ನಿಮಿಷಕ್ಕೆ ಎತ್ತರ ಅಳೀರಿ. ಎಲ್ರೂ ಇಷ್ಟು ಮಾಡ್ತಾರೆ. ಆದ್ರೆ ಪಿನ್ ಎಷ್ಟು ಎಳೆದು ಹಾಕಿದ್ರಿ ಅನ್ನೋದ್ರ ಮೇಲೆ ಎತ್ತರ ಬದಲಾಗತ್ತೆ, ಒಬ್ಬರು ಬಿಗಿಯಾಗಿ ಪಿನ್ ಮಾಡಿ ಇನ್ನೊಬ್ಬರು ಸಡಿಲ ಮಾಡಿದ್ರೆ ಜೆಲ್ಲಿನ ವ್ಯತ್ಯಾಸಕ್ಕಿಂತ ಕೈಯ ವ್ಯತ್ಯಾಸನೇ ದೊಡ್ಡದಾಗತ್ತೆ. ನಾಲ್ಕೂ ಕಡೆ ಒಂದೇ ತೂಕದ ಕಲ್ಲು ಕಟ್ಟಿ ರಾಟೆಯಿಂದ ಇಳಿಬಿಡಿ, ಸಮ ಎಳೆತ ಸಿಗತ್ತೆ. ಬೋರ್ಡನ್ನ 37 ಡಿಗ್ರಿ ಮೇಲೆ, ಒಣಗದ ಹಾಗೆ ತೇವದ ಡಬ್ಬಿಯಲ್ಲಿ ಇಡಿ. ಅಳೆಯೋರಿಗೆ ಯಾವ ತುಂಡಿನಲ್ಲಿ ಏನಿದೆ ಅಂತ ಗೊತ್ತಿರ್ಬಾರ್ದು.

ಬರೀ ಎತ್ತರ ನೋಡ್ಬೇಡಿ, ಪಕ್ಕದಿಂದ ಫೋಟೋ ತೆಗೆದು ಅಂಚು ಎಷ್ಟು ಕಡಿದಾಗಿದೆ ನೋಡಿ, ಒಂದೇ ಎತ್ತರದ ಎರಡು ಉಬ್ಬುಗಳಲ್ಲಿ ಅಂಚು ಕಡಿದಾಗಿರೋದಕ್ಕೆ ಸ್ನೇರ್ ಚೆನ್ನಾಗಿ ಕೂರತ್ತೆ. ಗಂಟೆ ಆದ್ಮೇಲೆ ಬ್ಲೇಡ್ ತಗೊಂಡು ಉಬ್ಬನ್ನ ನಡುವೆ ಸೀಳಿ ನೋಡಿ. ನಾನು ಇದನ್ನ ಒಂದು ಸಲವೂ ಬಿಡಲ್ಲ. ನೀಲಿ ಪಟ್ಟಿ ಮ್ಯೂಕೋಸ ಮತ್ತು ಸ್ನಾಯುವಿನ ಮಧ್ಯ ಸಮವಾಗಿ ಹರಡಿದ್ರೆ ಸರಿ. ಮ್ಯೂಕೋಸದೊಳಗೇ ಒಂದು ನೀಲಿ ಗುಳ್ಳೆ ಕಟ್ಕೊಂಡಿದ್ರೆ ನಿಮ್ಮ ಸೂಜಿ ಮೇಲೆ ಇತ್ತು, ಆ ತುಂಡಿನ ಎತ್ತರದ ನಂಬರ್ ಎಷ್ಟು ಚೆಂದ ಇದ್ರೂ ಎಸೀರಿ. ಸ್ನಾಯುವಿನ ಕೆಳಗೆ ಇಳಿದಿದ್ರೆ ಅದೂ ಬರೆದಿಡಿ, ಯಾಕಂದ್ರೆ ನಿಜವಾದ ಕೆಲಸದಲ್ಲೂ ಕೆಲವೊಮ್ಮೆ ಸೂಜಿ ಆಚೆ ದಾಟತ್ತೆ, ನಿಮ್ಮ ಜೆಲ್ ಹೊಟ್ಟೆಯ ಕುಹರಕ್ಕೆ ಬಿದ್ರೂ, ರಕ್ತನಾಳದೊಳಗೆ ಹೋದ್ರೂ ಏನಾಗತ್ತೆ ಅನ್ನೋದಕ್ಕೆ ಉತ್ತರ ಇಟ್ಕೊಂಡಿರ್ಬೇಕು. ಕರಗದ ಕಣ ಇರೋ ಜೆಲ್ಲಿಗೆ ಇದು ದೊಡ್ಡ ಪ್ರಶ್ನೆ.

ಈ ಸತ್ತ ತುಂಡಿನಲ್ಲಿ ರಕ್ತ ಓಡ್ತಿಲ್ಲ, ಲಿಂಫ್ ಓಡ್ತಿಲ್ಲ, ಕರುಳು ಮಿಸುಕಾಡ್ತಿಲ್ಲ. ಇಲ್ಲಿ ಒಂದು ಗಂಟೆ ನಿಂತದ್ದು ಜೀವ ಇರೋ ಪ್ರಾಣಿಯಲ್ಲಿ ಅಷ್ಟೇ ಹೊತ್ತು ನಿಲ್ಲತ್ತೆ ಅಂತ ಬರೀಬೇಡಿ.

ಆಮೇಲೆ ಕರೆಂಟ್. ಬಹಳ ಜನ ಇದನ್ನ ಕೊನೆಗೆ ಇಟ್ಕೊಳ್ತಾರೆ, ನನ್ನ ಪ್ರಕಾರ ಮಾಂಸದ ತುಂಡು ಕೈಯಲ್ಲಿರೋ ದಿನವೇ ಮಾಡ್ಬೇಕು. ತುಂಡಿನ ಕೆಳಗೆ ಕರೆಂಟ್ ವಾಪಸ್ ಹೋಗೋ ರಿಟರ್ನ್ ಪ್ಲೇಟ್ ಇಟ್ಟು, ಉಬ್ಬನ್ನ ನಿಜವಾದ ಸ್ನೇರ್ ಮತ್ತು ಇಎಸ್‌ಡಿ ಚಾಕುವಿಂದ ಕತ್ತರಿಸಿ. ಸಕ್ಕರೆಯಂಥ ಅಯಾನಿಲ್ಲದ ದ್ರಾವಣದಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ, ಸಲೈನಿನ ವಾಹಕತೆ ಕೋಣೆ ತಾಪಮಾನದಲ್ಲಿ ಮೀಟರಿಗೆ ಸುಮಾರು 1.5 ಸೀಮೆನ್ಸ್, ನಿಮ್ಮದು ಎಷ್ಟಿದೆ ಅಂತ ಅಳೆದಿಟ್ಟುಕೊಳ್ಳಿ, ಅದರಲ್ಲೂ ಉಪ್ಪಿನ ಬದಲು ಮ್ಯಾನಿಟಾಲ್ ಹಾಕಿದ್ದೀರಿ ಅಂದ್ರೆ. ಚಾಕುವಿನ ತುದಿಗೆ ಜೆಲ್ ಸುಟ್ಟು ಕಪ್ಪಗೆ ಅಂಟತ್ತಾ, ಹೊಗೆ ಎದ್ದು ನೋಟ ಮಸುಕಾಗತ್ತಾ, ಜೆಲ್ಲಿನೊಳಗೆ ಹಬೆ ಗುಳ್ಳೆ ಕಟ್ಟತ್ತಾ ಅಂತ ಸ್ಕೋಪಿನ ಕ್ಯಾಮೆರಾದಲ್ಲೇ ವಿಡಿಯೋ ಮಾಡಿ, ಬರಿಗಣ್ಣಿಗೆ ಚೆನ್ನಾಗಿ ಕಂಡದ್ದು ಸ್ಕೋಪಲ್ಲಿ ಕೆಟ್ಟದಾಗಿ ಕಾಣ್ಬಹುದು. ಸ್ನಾಯುವಿನ ಕಡೆಯಿಂದ ಬಿಸಿ ಅಳೆಯೋ ಒಂದು ಸಣ್ಣ ಥರ್ಮೋಕಪಲ್ ತಂತಿ ಇಟ್ಟು ಬಿಸಿ ಎಷ್ಟು ಇಳಿಯತ್ತೆ ನೋಡಿ. ದಿಂಬು ಹಾಕೋದೇ ಆ ಪದರ ಉಳಿಸೋಕೆ ಅಲ್ವಾ.

ಸ್ಟೆರಿಲೈಸೇಶನ್ ಒಳ್ಳೊಳ್ಳೆ ಜೆಲ್ಲುಗಳನ್ನ ಕೊಂದಿದೆ. 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿದ್ರೆ ಹ್ಯಾಲುರೋನೇಟ್, ಆಲ್ಜಿನೇಟ್ ಎರಡರ ಸರಪಳಿಯೂ ಮುರಿಯತ್ತೆ, ಬೆಳಿಗ್ಗೆ ಗಟ್ಟಿ ಇದ್ದದ್ದು ಮಧ್ಯಾಹ್ನಕ್ಕೆ ತೆಳ್ಳಗೆ ಸುರಿಯತ್ತೆ. 25 ಕಿಲೋಗ್ರೇ ಗಾಮಾ ಕೊಟ್ರೂ ಹಾಗೇ. 0.22 ಮೈಕ್ರಾನ್ ಫಿಲ್ಟರಲ್ಲಿ ಸೋಸೋಣ ಅಂದ್ರೆ ಗಟ್ಟಿ ಜೆಲ್ ಹೋಗಲ್ಲ, ಕಣಗಳಿದ್ರೆ ಅಲ್ಲೇ ನಿಲ್ತವೆ. ಇರೋ ದಾರಿಗಳು ಎರಡು: ಮುರಿಯೋದನ್ನ ಮೊದಲೇ ಲೆಕ್ಕ ಹಾಕಿ ಉದ್ದ ಸರಪಳಿಯ ಪಾಲಿಮರ್ ತಗೊಳ್ಳೋದು, ಇಲ್ಲಾ ತೆಳುವಾದ ಭಾಗಗಳನ್ನ ಬೇರೆ ಬೇರೆ ಸೋಸಿ ಕ್ಲೀನ್ ರೂಮಲ್ಲಿ ಸೇರಿಸೋದು. ಯಾವುದೇ ಆಗ್ಲಿ, ಮೇಲೆ ಹೇಳಿದ ಎಲ್ಲಾ ಪರೀಕ್ಷೆಗಳನ್ನ ಸ್ಟೆರಿಲೈಸ್ ಆದ ಜೆಲ್ಲಲ್ಲೇ ಮಾಡಿ, ಮಾಡದೇ ಇರೋದ್ರಲ್ಲಿ ತೆಗೆದ ಡೇಟಾ ಬೇರೆ ಯಾವುದೋ ವಸ್ತುವಿನದು. ಆಲ್ಜಿನೇಟ್ ಕಡಲಕಳೆಯಿಂದ ಬರೋದು, ಎಂಡೋಟಾಕ್ಸಿನ್, ಅಂದ್ರೆ ಬ್ಯಾಕ್ಟೀರಿಯಾದ ವಿಷ, ತುಂಬ್ಕೊಂಡಿರತ್ತೆ, ಆಟೋಕ್ಲೇವ್ ಅದನ್ನ ತೆಗೆಯಲ್ಲ, ಶುದ್ಧ ಮಾಡಿದ ಗ್ರೇಡನ್ನೇ ತಗೊಳ್ಳಿ. ಅಗ್ಗದ್ದು ತಗೊಂಡು ಪ್ರಾಣಿಯಲ್ಲಿ ಉರಿಯೂತ ಬಂದ್ರೆ ಅದು ಜೆಲ್ಲಿಂದನೋ ಕೊಳೆಯಿಂದನೋ ಅಂತ ಆಮೇಲೆ ಬಿಡಿಸೋಕೆ ಆಗಲ್ಲ.

ಜೈವಿಕ ಸುರಕ್ಷತೆಗೆ ಐಎಸ್‌ಒ 10993 ಸರಣಿ ಇದೆ, ಜೀವಕೋಶಕ್ಕೆ ವಿಷವಾ ಅನ್ನೋದಕ್ಕೆ ಭಾಗ 5, ಅಲರ್ಜಿಗೆ 10, ಕಿರಿಕಿರಿಗೆ 23, ಒಳಗೆ ಉಳಿಯೋ ವಸ್ತುವಿನ ಸುತ್ತ ಅಂಗಾಂಶ ಏನಾಗತ್ತೆ ಅನ್ನೋದಕ್ಕೆ 6. ರಿಸ್ಕ್ ಫೈಲಿಗೆ ಐಎಸ್‌ಒ 14971, ಮೊದಲ ದಿನದಿಂದಲೇ ಬರೀತಾ ಹೋಗಿ. ರಕ್ತಸ್ರಾವ ಕಮ್ಮಿ ಮಾಡೋ ಅಡ್ರಿನಲಿನನ್ನ ಬಾಟಲಿಯಲ್ಲೇ ಬೆರೆಸಿ ಕೊಡ್ತೀನಿ ಅನ್ನೋ ಆಸೆ ಇದ್ರೆ ಬಿಡಿ, ಡಿವೈಸ್ ಆಗಿದ್ದದ್ದು ಔಷಧಿ ಲೆಕ್ಕಕ್ಕೂ ಸೇರ್ಕೊಂಡು ದಾರಿ ದುಪ್ಪಟ್ಟು ಉದ್ದ ಆಗತ್ತೆ, ಬೇಕಾದ ಡಾಕ್ಟರ್ ತಾವೇ ಸೇರಿಸ್ಕೊಳ್ತಾರೆ. ಅನುಮತಿ ಸಿಗೋ ತನಕ ಲ್ಯಾಬಲ್ಲಿ ಮಾಡಿದ್ದು ಲ್ಯಾಬಲ್ಲೇ, ಒಂದು ಹನಿಯೂ ಮನುಷ್ಯರಿಗೆ ಹೋಗ್ಬಾರ್ದು.

ಈಗ ನಾನು ಅತಿ ಹೆಚ್ಚು ಒತ್ತಿ ಹೇಳ್ಬೇಕು ಅಂದ್ಕೊಂಡಿರೋ ಭಾಗ, ಪೆಥಾಲಜಿ. ಜೆಲ್ ಮಾಡೋರು ಪೆಥಾಲಜಿಸ್ಟ್ ಮುಖ ನೋಡಿರೋದೇ ಕಮ್ಮಿ. ಆದ್ರೆ ತೆಗೆದ ಗಡ್ಡೆ ಹೋಗೋದು ಅವರ ಮೈಕ್ರೋಸ್ಕೋಪ್ ಕೆಳಗೆ, ದೊಡ್ಡ ಕರುಳಲ್ಲಿ ಕ್ಯಾನ್ಸರ್ ಸಬ್‌ಮ್ಯೂಕೋಸಕ್ಕೆ 1000 ಮೈಕ್ರಾನಿಗಿಂತ ಕಮ್ಮಿ ಇಳಿದಿದೆಯಾ ಜಾಸ್ತಿನಾ ಅನ್ನೋದರ ಮೇಲೆ ರೋಗಿಗೆ ಮುಂದೆ ಆಪರೇಷನ್ ಬೇಕಾ ಬೇಡವಾ ಅನ್ನೋ ಮಾತು ನಡೆಯತ್ತೆ, ಜಠರದಲ್ಲಿ ಆ ಗೆರೆ 500 ಮೈಕ್ರಾನ್. ಒಂದು ಮಿಲಿಮೀಟರಿನ ಲೆಕ್ಕ ಇದು, ನಿಮ್ಮ ಜೆಲ್ ಅದೇ ಪದರದಲ್ಲಿ ಕೂತಿದೆ. ಅದು ಸ್ಲೈಡಲ್ಲಿ ಗುಲಾಬಿ ಬಣ್ಣ ಹಿಡಿದು ಮುದ್ದೆಯಾಗಿ ಕೂತ್ರೆ, ಅಥವಾ ಲೋಳೆ ಥರ ಕಂಡ್ರೆ, ನೋಡೋರು ಅಮಿಲಾಯ್ಡ್ (ಅಂಗಾಂಶದಲ್ಲಿ ಕೂರೋ ಅಸಹಜ ಪ್ರೋಟೀನ್) ಅನ್ಕೊಳ್ಬಹುದು, ಲೋಳೆ ಸುರಿಸೋ ಕ್ಯಾನ್ಸರ್ ಅನ್ಕೊಳ್ಬಹುದು. ಇದು ಬರೀ ಊಹೆ ಅಲ್ಲ, ಬಳಕೆಯಲ್ಲಿದ್ದ ಒಂದು ಸಿಂಥೆಟಿಕ್ ಜೆಲ್ ವಾರ, ತಿಂಗಳು ಕಳೆದ ಮೇಲೂ ಗೋಡೆಯೊಳಗೆ ಉಳ್ಕೊಂಡು ಸುತ್ತ ದೈತ್ಯಕೋಶಗಳ ಗ್ರ್ಯಾನ್ಯುಲೋಮ, ಅಂದ್ರೆ ಉರಿಯೂತದ ಗಂಟು, ಕಟ್ಟಿದ ವರದಿಗಳು ಬಂದ್ವು, ಗಡ್ಡೆ ಉಳಿದಿದೆಯೇನೋ ಅನ್ನೋ ಗೊಂದಲ ಆಯ್ತು. ಹಾಗಾಗಿ ಹೆಚ್ಚು ಹೊತ್ತು ನಿಲ್ಲೋದು ಒಳ್ಳೇದು ಅನ್ನೋದು ಒಂದು ಮಿತಿಯ ತನಕ ಮಾತ್ರ. ಕೆಲಸ ನಡೆಯೋ ಒಂದೆರಡು ಗಂಟೆ ನಿಲ್ಲಲಿ, ಆಮೇಲೆ ಹೋಗ್ಲಿ. ನಿಮ್ಮ ಜೆಲ್ ಚುಚ್ಚಿದ ತುಂಡನ್ನ ಫಾರ್ಮಲಿನಲ್ಲಿ ಹಾಕಿ, ಮಾಮೂಲಿ ಎಚ್ ಅಂಡ್ ಇ ಬಣ್ಣದ ಜೊತೆ ಮ್ಯೂಸಿನ್, ಅಮಿಲಾಯ್ಡ್ ಬಣ್ಣಗಳನ್ನೂ ಹಾಕಿಸಿ, ಏನೂ ಹೇಳದೆ ಒಬ್ಬ ಪೆಥಾಲಜಿಸ್ಟಿಗೆ ತೋರಿಸಿ ಏನು ಕಾಣತ್ತೆ ಅಂತ ಕೇಳಿ. ಆ ಫೋಟೋಗಳು ಜೆಲ್ಲಿನ ಪ್ಯಾಕ್ ಜೊತೆಗೇ ಹೋಗ್ಬೇಕು.

ಎತ್ತೋ ವಿಷಯದಲ್ಲೇ ಇನ್ನೊಂದು ಎಚ್ಚರಿಕೆ. ಕ್ಯಾನ್ಸರ್ ಆಳಕ್ಕೆ ಇಳಿದು ಅಂಟ್ಕೊಂಡಿದ್ರೆ ಚುಚ್ಚಿದ್ರೂ ಆ ಜಾಗ ಮೇಲೇಳಲ್ಲ, ಸುತ್ತ ಮಾತ್ರ ಉಬ್ಬತ್ತೆ, 1994ರಲ್ಲಿ ಜಪಾನಿನ ಊನೊ ಮತ್ತು ಮುನಕಾತ ಇದನ್ನ ನಾನ್ ಲಿಫ್ಟಿಂಗ್ ಸೈನ್ ಅಂತ ಬರೆದ್ರು. ಹಳೇ ಬಯಾಪ್ಸಿ ಗಾಯದಿಂದಲೂ ಹಾಗಾಗತ್ತೆ. ನಮ್ಮ ಜೆಲ್ ಎಂಥದ್ದನ್ನೂ ಎತ್ತತ್ತೆ ಅಂತ ಹೇಳ್ಕೊಳ್ಳೋಕೆ ಹೋಗ್ಬೇಡಿ, ಏಳದೇ ಇರೋದು ಡಾಕ್ಟರಿಗೆ ಬೇಕಾದ ಮಾಹಿತಿ.

ಇಷ್ಟೂ ದಾಟಿದ ಮೇಲೆ ಪ್ರಾಣಿ. ಎಥಿಕ್ಸ್ ಕಮಿಟಿ ಒಪ್ಪಿಗೆ, ಅರಿವಳಿಕೆ, ಪಶುವೈದ್ಯರು, ಇದರಲ್ಲಿ ಒಂದನ್ನೂ ಅವಸರ ಮಾಡ್ಬೇಡಿ. ಒಂದೇ ಹಂದಿಯ ಜಠರದಲ್ಲಿ ಸಲೈನ್, ಹ್ಯಾಲುರೋನೇಟ್, ನಿಮ್ಮ ಜೆಲ್ ಮೂರನ್ನೂ ಬೇರೆ ಬೇರೆ ಜಾಗದಲ್ಲಿ ಚುಚ್ಚಿದ್ರೆ ಪ್ರಾಣಿಗಳ ಸಂಖ್ಯೆಯೂ ಕಮ್ಮಿ ಆಗತ್ತೆ, ಹೋಲಿಕೆಯೂ ನ್ಯಾಯವಾಗಿರತ್ತೆ. ಎಷ್ಟು ಸಲ ಮತ್ತೆ ಚುಚ್ಚಬೇಕಾಯ್ತು, ಒಟ್ಟು ಎಷ್ಟು ಎಂಎಲ್, ಎಷ್ಟು ಹೊತ್ತು, ತೂತಾಯ್ತಾ, ರಕ್ತ ಬಂತಾ ಬರೆದಿಡಿ. ಗಾಯ ಮಾಯೋದನ್ನ ನೋಡೋಕೆ 3, 7, 14, 28ನೇ ದಿನದ ಅಂಗಾಂಶ ತಗೊಳ್ಳಿ, 28ರಲ್ಲಿ ಜೆಲ್ಲಿನ ಕುರುಹು ಉಳಿದಿದ್ರೆ ಇನ್ನೂ ಮುಂದಕ್ಕೆ ಹೋಗಿ.

ಆ ದಿನ ಇನ್ನೊಂದು ಕೆಲಸ ಮಾಡಿ. ಮೂರು ಸಿರಿಂಜಿಗೂ ಬರೀ ನಂಬರ್ ಅಂಟಿಸಿ ಅಸಿಸ್ಟೆಂಟ್ ಕೈಗೆ ಕೊಡಿ, ಪ್ರತಿ ಸಲ ಒತ್ತಿದ ಮೇಲೆ ಹೇಗಿತ್ತು ಅಂತ ಕೇಳಿ ಅವರು ಹೇಳಿದ ಮಾತನ್ನ ಹಾಗೇ ಬರ್ಕೊಳ್ಳಿ. ನಮ್ಮ ಮೊದಲ ದಿನ ಒಬ್ಬರು ಸಿಸ್ಟರ್ ಎರಡನೇ ನಂಬರ್ ಸಿರಿಂಜ್ ಒತ್ತಿ "ಶುರುನಲ್ಲಿ ಹಿಡ್ಕೊಳ್ಳತ್ತೆ ಸರ್, ಆಮೇಲೆ ಒಂದೇ ಸಲ ನುಗ್ಗತ್ತೆ, ಡಾಕ್ಟರ್ ನಿಲ್ಲಿಸು ಅನ್ನೋವಾಗ ನಿಲ್ಲಿಸೋಕಾಗಲ್ಲ" ಅಂದ್ರು. ಅದು ನಮ್ಮದೇ ಜೆಲ್. ಬಲದ ಗ್ರಾಫಲ್ಲಿ ಆ ಶುರುವಿನ ಮೊನೆ ಇತ್ತು, ನಾವು ಸಮವಾಗಿ ಹೋಗೋ ಭಾಗದ ಸರಾಸರಿ ಮಾತ್ರ ನೋಡಿ ಪಾಸ್ ಮಾಡಿದ್ವಿ. ವಾಪಸ್ ಬಂದು ಜೇಡಿಯ ಪಾಲು ಇಳಿಸಿ, 5 ಎಂಎಲ್ ಸಿರಿಂಜಿಗೆ ಬದಲಾಯಿಸಿ, ಆ ಮೊನೆ ತಗ್ಗೋ ತನಕ ಮತ್ತೆ ಬ್ಯಾಚ್ ಮಾಡಿದ್ವಿ, ಮುಂದಿನ ಸಲ ಮತ್ತೆ ಅದೇ ಸಿಸ್ಟರನ್ನೇ ಕರೆದ್ವಿ.